ನಾಲ್ಕು ತಾಲ್ಲೂಕುಗಳ ತೆಂಗು: ಲಕ್ಷಣ, ಬೇಸಾಯ ಮತ್ತು ಲೆಕ್ಕಾಚಾರ

ತೆಂಗು ಮೂಲತಃ ಕಡಲ ತೀರದ ಹಾಗೂ ದ್ವೀಪಗಳ ಮರ. ನಾರಿನ ಹೊದಿಕೆಯುಳ್ಳ ಅದರ ಕಾಯಿ ನೀರಿನಲ್ಲಿ ತೇಲುತ್ತ ಬಹುದೂರ ಸಾಗಿ, ದಡ ಸೇರಿದಲ್ಲಿ ಮೊಳೆಯಬಲ್ಲದು. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಒಂದು ಬಗೆ, ಹಿಂದೂ ಮಹಾಸಾಗರದ ಅಂಚಿನಲ್ಲಿ ಇನ್ನೊಂದು ಬಗೆ ಎಂದು ಎರಡು ಪ್ರತ್ಯೇಕ ಮೂಲಗಳಿರುವುದನ್ನು 2011ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಇಂತಹ ಮರವು ಸಮುದ್ರದಿಂದ ನೂರೈವತ್ತು ಕಿ.ಮೀ.ಗೂ ಹೆಚ್ಚು ಒಳನಾಡಿನಲ್ಲಿ, ಉಪ್ಪುಗಾಳಿಯ ಸೋಂಕಿಲ್ಲದ ಪ್ರಸ್ಥಭೂಮಿಯಲ್ಲಿ, ಸಾವಿರಾರು ಕುಟುಂಬಗಳ ನಿತ್ಯದ ಆದಾಯಕ್ಕೆ ಆಧಾರವಾಗಿ ನಿಂತಿರುವುದು ಮಂಡ್ಯ ಜಿಲ್ಲೆಯ ಆರ್ಥಿಕ ಜೀವನದ ಒಂದು ವಿಶೇಷ. ಶ್ರೀರಂಗಪಟ್ಟಣವಂತೂ ಸ್ವತಃ ಕಾವೇರಿಯ ದ್ವೀಪವೇ ಆಗಿರುವುದರಿಂದ, ದ್ವೀಪದ ಮರ ದ್ವೀಪವನ್ನೇ ಹುಡುಕಿಕೊಂಡು ಬಂದಿದೆ ಎನ್ನಲು ಅಡ್ಡಿಯಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳು ಪಾಂಡವಪುರ ಉಪವಿಭಾಗಕ್ಕೆ ಸೇರಿವೆ. ಆಡಳಿತದ ಕಡತದಲ್ಲಿ ಇವು ಒಂದೇ ಗುಂಪಾದರೂ ತೆಂಗಿನ ಮಟ್ಟಿಗೆ ಎರಡು ಬೇರೆ ಬೇರೆ ನಾಡುಗಳು. ಶ್ರೀರಂಗಪಟ್ಟಣ ಹಾಗೂ ಪಾಂಡವಪುರದ ಬಹುಭಾಗ ನಾಲೆಯ ಸೀಮೆ. ಚಿಕ್ಕದೇವರಾಯ ಸಾಗರ ನಾಲೆಯಂತಹ ಹಳೆಯ ನಾಲೆಗಳ ಜತೆಗೆ, 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯೂ ಇಲ್ಲಿಯ ಭೂಮಿಗೆ ನೀರುಣಿಸುತ್ತದೆ. ಇಲ್ಲಿ ಭತ್ತ ಮತ್ತು ಕಬ್ಬು ಪ್ರಧಾನ ಬೆಳೆ. ತೆಂಗು ಗದ್ದೆಯ ಬದುವಿನಲ್ಲಿ, ಮನೆಯ ಹಿತ್ತಲಿನಲ್ಲಿ, ನಾಲೆಯ ಏರಿಯ ಪಕ್ಕದಲ್ಲಿ ಬೆಳೆಯುವ ಜೊತೆಗಾರ. ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಮೇಲುಭಾಗ ಕೆಂಪು ಮಣ್ಣಿನ ರಾಗಿ ಸೀಮೆ. ಹೇಮಾವತಿ ನಾಲೆಯ ನೀರು ತಲುಪಿದ ಊರುಗಳನ್ನು ಬಿಟ್ಟರೆ ಉಳಿದೆಡೆ ಕೆರೆ, ಕೊಳವೆ ಬಾವಿ ಮತ್ತು ಮಳೆಯೇ ಗತಿ. ವಿಚಿತ್ರವೆಂದರೆ, ತೆಂಗನ್ನೇ ಮುಖ್ಯ ಬೆಳೆಯಾಗಿ ನೆಚ್ಚಿಕೊಂಡಿರುವವರು ನೀರಿರುವ ಸೀಮೆಯವರಿಗಿಂತ ಹೆಚ್ಚಾಗಿ ಈ ಒಣ ಸೀಮೆಯವರು. ಆದ್ದರಿಂದಲೇ ತೆಂಗಿನ ಲಾಭನಷ್ಟವನ್ನು ತೂಗುವಾಗ ನೀರಿನ ಪ್ರಶ್ನೆಯನ್ನು ಬದಿಗಿಟ್ಟು ಬೆಲೆಯ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುವುದು ಸರಿಯಾಗದು.

ಮರದ ಲಕ್ಷಣ

ತೆಂಗು ಏಕದಳ ವರ್ಗಕ್ಕೆ, ತಾಳೆಯ ಕುಟುಂಬಕ್ಕೆ ಸೇರಿದ ಸಸ್ಯ. ಕೋಕೋಸ್ ನ್ಯೂಸಿಫೆರಾ ಎಂಬುದು ಇದರ ಶಾಸ್ತ್ರೀಯ ನಾಮ. ತಾಯಿಬೇರಿಲ್ಲ, ಬುಡದಿಂದ ಸಾವಿರಾರು ಹುರಿಬೇರುಗಳು ಸುತ್ತಲೂ ಹರಡಿಕೊಳ್ಳುತ್ತವೆ. ಇತರ ಮರಗಳ ಕಾಂಡದಂತೆ ಇದರ ಕಾಂಡ ವರ್ಷ ವರ್ಷವೂ ದಪ್ಪವಾಗುವುದಿಲ್ಲ, ಒಮ್ಮೆ ಆದ ಗಾಯ ಮುಚ್ಚಿಕೊಳ್ಳುವುದೂ ಇಲ್ಲ. ಮರ ಹತ್ತಲು ಅನುಕೂಲವೆಂದು ಕಾಂಡದಲ್ಲಿ ಕಚ್ಚು ಹಾಕುವ ಪದ್ಧತಿ ಹಾನಿಕರವೆನ್ನುವುದು ಇದೇ ಕಾರಣಕ್ಕೆ. ಬೆಳವಣಿಗೆಯ ಕೇಂದ್ರ ಒಂದೇ ಒಂದು, ಅದು ಸುಳಿ. ಸುಳಿ ಕೊಳೆತರೆ ಮರವೇ ಹೋಯಿತು.

ಆರೋಗ್ಯವಂತ ಎತ್ತರದ ಮರದ ತಲೆಯಲ್ಲಿ 30ರಿಂದ 36 ಗರಿಗಳಿರುತ್ತವೆ. ವರ್ಷಕ್ಕೆ 12ರಿಂದ 14 ಹೊಸ ಗರಿಗಳು ಮೂಡುತ್ತವೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಹೊರಡಬೇಕು. ಅಂದರೆ ಚೆನ್ನಾಗಿ ಪೋಷಿಸಿದ ಮರ ಸರಿಸುಮಾರು ತಿಂಗಳಿಗೊಂದು ಗೊನೆ ಕೊಡುತ್ತದೆ. ಹೊಂಬಾಳೆ ಒಡೆದ ಏಳು ತಿಂಗಳಿಗೆ ಎಳನೀರು, ಹನ್ನೊಂದು ಹನ್ನೆರಡು ತಿಂಗಳಿಗೆ ಬಲಿತ ಕಾಯಿ.

ವರ್ತಕರೂ ಬೆಳೆಗಾರರೂ ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿಯನ್ನು ಇಲ್ಲಿ ವಿವರಿಸಬೇಕು. ಹೊಂಬಾಳೆ ಹೊರಗೆ ಕಾಣಿಸುವ ಸುಮಾರು 32 ತಿಂಗಳು ಮೊದಲೇ ಅದರ ಮೊಳಕೆ ಸುಳಿಯೊಳಗೆ ರೂಪುಗೊಂಡಿರುತ್ತದೆ. ಆ ಮೇಲೆ ಕಾಯಿ ಬಲಿಯಲು ಮತ್ತೆ 12 ತಿಂಗಳು. ಹೀಗೆ ಇಂದು ಕೆಡವುವ ಕಾಯಿಯ ಹುಟ್ಟು 44 ತಿಂಗಳ ಹಿಂದಿನದು. ಆ ಅವಧಿಯ ಯಾವ ಘಟ್ಟದಲ್ಲಿ ನೀರಿನ ಕೊರತೆ ಬಂದರೂ ಅದರ ಪರಿಣಾಮ ಕಾಯಿಯ ಸಂಖ್ಯೆಯಲ್ಲೋ ಗಾತ್ರದಲ್ಲೋ ಕಾಣಿಸಿಕೊಳ್ಳುತ್ತದೆ. ಬರದ ವರ್ಷ ಮುಗಿದು ಮಳೆ ಬಂದ ಮೇಲೂ ಒಂದೆರಡು ವರ್ಷ ಇಳುವರಿ ಕುಸಿಯುತ್ತಲೇ ಇರುವುದಕ್ಕೆ, ಗೊಬ್ಬರ ಹಾಕಿದ ವರ್ಷವೇ ಫಲ ಕಾಣದಿರುವುದಕ್ಕೆ ಇದೇ ಕಾರಣ. ರಾಗಿ ಬೆಳೆಯ ಲೆಕ್ಕ ವರ್ಷದೊಳಗೆ ಮುಗಿಯುತ್ತದೆ. ತೆಂಗಿನ ಲೆಕ್ಕಕ್ಕೆ ಕನಿಷ್ಠ ನಾಲ್ಕು ವರ್ಷಗಳ ಪುಸ್ತಕ ತೆರೆದಿಡಬೇಕು. ಬೆಳೆನಷ್ಟದ ಪರಿಹಾರವನ್ನು ಬರದ ವರ್ಷಕ್ಕೆ ಮಾತ್ರ ಸೀಮಿತಗೊಳಿಸುವುದು ತೆಂಗಿನ ಬೆಳೆಗಾರರ ಮಟ್ಟಿಗೆ ನ್ಯಾಯವಲ್ಲ ಎಂಬುದಕ್ಕೂ ಈ 44 ತಿಂಗಳುಗಳೇ ಆಧಾರ.

ತಳಿಗಳು

ತೆಂಗಿನಲ್ಲಿ ಎತ್ತರ ಮತ್ತು ಗಿಡ್ಡ ಎಂಬ ಎರಡು ಮುಖ್ಯ ವಿಧಗಳಿವೆ. ನಾಲ್ಕೂ ತಾಲ್ಲೂಕುಗಳಲ್ಲಿ ಹೆಚ್ಚಾಗಿ ಕಾಣುವುದು ತಿಪಟೂರು ಎತ್ತರದ ತಳಿ. ಆರರಿಂದ ಎಂಟು ವರ್ಷಕ್ಕೆ ಫಲಕ್ಕೆ ಬಂದು ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳುತ್ತದೆ. ಒಣಹವೆಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಇದರ ಕಾಯಿ ಉಂಡೆ ಕೊಬ್ಬರಿಗೆ ಹೆಸರುವಾಸಿ. ಇದರಿಂದಲೇ ಆಯ್ಕೆ ಮಾಡಿದ ಕಲ್ಪತರು ಎಂಬ ತಳಿಯನ್ನು ಕಾಸರಗೋಡಿನ ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಆ ಸಂಸ್ಥೆ, ಕನ್ನಡ ಮಾತನಾಡುವ ನೆಲದಲ್ಲಿಯೇ ಇದ್ದುಕೊಂಡು ದೇಶದ ತೆಂಗಿಗೆಲ್ಲ ಮಾರ್ಗದರ್ಶಿಯಾಗಿದೆ.

ಗಿಡ್ಡ ತಳಿಗಳಲ್ಲಿ ಜನರು ಗೆಂದಾಳಿ ಎಂದು ಕರೆಯುವ ಕೇಸರಿ ಬಣ್ಣದ ಚೌಘಾಟ್ ಗಿಡ್ಡ ತಳಿ ಎಳನೀರಿಗೆ ಶ್ರೇಷ್ಠ. ಮೂರು ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತದೆ. ಆದರೆ ಬರವನ್ನು ತಾಳದು, ಆಯುಸ್ಸೂ ಕಡಿಮೆ. ಎತ್ತರ ಮತ್ತು ಗಿಡ್ಡದ ಸಂಕರಗಳಾದ ಚಂದ್ರಸಂಕರ, ಕೇರಸಂಕರ ಮುಂತಾದವು ಬೇಗ ಫಲಕ್ಕೆ ಬರುತ್ತವೆಯಾದರೂ ನೀರು ಗೊಬ್ಬರ ತಪ್ಪಿದರೆ ಮೊದಲು ಸೋಲುವವೂ ಇವೇ. ನಾಲೆಯ ಖಾತರಿ ಇರುವ ಶ್ರೀರಂಗಪಟ್ಟಣದ ಜಮೀನಿಗೆ ಒಪ್ಪುವ ಸಂಕರ ತಳಿಯನ್ನು ನಾಗಮಂಗಲದ ಬೋರೆಯ ಮೇಲೆ ನೆಡುವುದು ಸಾಲ ಮಾಡಿ ಜೂಜಾಡಿದಂತೆ.

ಬೇಸಾಯ

ತೆಂಗಿಗೆ ಸರಾಸರಿ 27 ಡಿಗ್ರಿ ಉಷ್ಣಾಂಶ, ವರ್ಷದುದ್ದಕ್ಕೂ ಹಂಚಿಕೆಯಾದ 1,300 ಮಿ.ಮೀ.ಗೂ ಮೇಲ್ಪಟ್ಟ ಮಳೆ ಹಿತಕರ. ಮಂಡ್ಯ ಜಿಲ್ಲೆಯ ವಾರ್ಷಿಕ ಮಳೆ 700 ಮಿ.ಮೀ. ಆಸುಪಾಸಿನದು, ಅದೂ ಕೆಲವೇ ತಿಂಗಳುಗಳಲ್ಲಿ ಬಿದ್ದು ಹೋಗುತ್ತದೆ. ಈ ಅಂತರವನ್ನು ತುಂಬುವುದೇ ಇಲ್ಲಿಯ ಬೇಸಾಯದ ಸಾರ.

ಸಸಿಯ ಆಯ್ಕೆಯಲ್ಲಿ ತಪ್ಪಿದರೆ ಆ ತಪ್ಪು ಅರಿವಿಗೆ ಬರುವುದು ಏಳೆಂಟು ವರ್ಷಗಳ ನಂತರ. ಆದ್ದರಿಂದ ತಾಯಿಮರದ ಪರೀಕ್ಷೆ ಮುಖ್ಯ. ಇಪ್ಪತ್ತೈದು ವರ್ಷ ದಾಟಿದ, ತಲೆಯಲ್ಲಿ 30ಕ್ಕಿಂತ ಹೆಚ್ಚು ಗರಿಗಳಿರುವ, ಗಿಡ್ಡ ಹಾಗೂ ಗಟ್ಟಿಯಾದ ಎಡಮಟ್ಟೆಯುಳ್ಳ, ವರ್ಷ ಬಿಟ್ಟು ವರ್ಷವಲ್ಲದೆ ಪ್ರತಿ ವರ್ಷವೂ 80ಕ್ಕೆ ಕಡಿಮೆಯಿಲ್ಲದಂತೆ ಕಾಯಿ ಕೊಡುವ ಮರದಿಂದ ಬಲಿತ ಕಾಯಿಯನ್ನು ಹಗ್ಗ ಕಟ್ಟಿ ಇಳಿಸಿಕೊಳ್ಳಬೇಕು. ಒಟ್ಟುಪಾತಿಯಲ್ಲಿ ತಡವಾಗಿ, ಅಂದರೆ ಐದು ತಿಂಗಳ ಮೇಲೆ ಮೊಳೆತವನ್ನು ತೆಗೆದುಹಾಕಬೇಕು. ಒಂಬತ್ತರಿಂದ ಹನ್ನೆರಡು ತಿಂಗಳ, ಕನಿಷ್ಠ ಆರು ಎಲೆಗಳಿರುವ, ಬುಡದ ಸುತ್ತಳತೆ ಹತ್ತು ಸೆಂ.ಮೀ. ಇರುವ ಸಸಿ ನಾಟಿಗೆ ಯೋಗ್ಯ. ಮಂಡ್ಯದ ಬಳಿ ತೆಂಗು ಅಭಿವೃದ್ಧಿ ಮಂಡಳಿಯ ಪ್ರದರ್ಶನ ಹಾಗೂ ಬಿತ್ತನೆ ಉತ್ಪಾದನಾ ಕ್ಷೇತ್ರವಿದೆ. ತೋಟಗಾರಿಕೆ ಇಲಾಖೆಯ ಕ್ಷೇತ್ರಗಳೂ ಇವೆ. ಸಂತೆಯಲ್ಲಿ ಗಾಡಿಗೆ ತುಂಬಿ ತಂದ, ತಾಯಿಮರದ ಪತ್ತೆಯೇ ಇಲ್ಲದ ಸಸಿಯನ್ನು ಹತ್ತಿಪ್ಪತ್ತು ರೂಪಾಯಿ ಉಳಿತಾಯಕ್ಕಾಗಿ ಕೊಳ್ಳುವುದು ದುಬಾರಿಯ ಮಿತವ್ಯಯ.

ನಾಟಿಯ ಗುಂಡಿ ಉದ್ದ, ಅಗಲ, ಆಳ ಮೂರೂ ತಲಾ ಮೂರು ಅಡಿ. ತಳದಲ್ಲಿ ತೆಂಗಿನ ಮಟ್ಟೆಗಳನ್ನು ಒಳಮುಖ ಮೇಲೆ ಬರುವಂತೆ ಎರಡು ವರಸೆ ಜೋಡಿಸಿದರೆ ಅವು ನೀರನ್ನು ಹೀರಿಟ್ಟುಕೊಳ್ಳುತ್ತವೆ. ಗುಂಡಿಗೆ ಒಂದಿಷ್ಟು ಉಪ್ಪು ಹಾಕುವ ರೂಢಿಯೂ ಹಳ್ಳಿಗಳಲ್ಲಿದೆ. ಕಡಲನ್ನು ಬಿಟ್ಟು ಬಂದ ಮರಕ್ಕೆ ಕಡಲಿನ ರುಚಿ ತೋರಿಸುವ ಈ ಕ್ರಮ ಬರಿಯ ನಂಬಿಕೆಯಲ್ಲ. ತೆಂಗಿಗೆ ಕ್ಲೋರಿನ್ ಅಂಶ ಅಗತ್ಯ ಪೋಷಕಗಳಲ್ಲೊಂದು.

ಸಾಲಿನ ಅಂತರ 25 ಅಡಿ ಇಟ್ಟರೆ ಎಕರೆಗೆ ಸುಮಾರು 70 ಮರ, 30 ಅಡಿ ಇಟ್ಟರೆ 48 ಮರ. ಹೆಚ್ಚು ಮರವಿದ್ದರೆ ಹೆಚ್ಚು ಕಾಯಿ ಎಂಬ ಆಸೆಯಿಂದ 20 ಅಡಿಗೆ ಇಳಿಸಿದ ತೋಟಗಳು ಬಿಸಿಲಿಗಾಗಿ ಬಾಗಿ, ಬಡಕಲಾಗಿ ನಿಂತಿರುವುದನ್ನು ಯಾವ ಊರಿನಲ್ಲಾದರೂ ನೋಡಬಹುದು. ಒಣ ಸೀಮೆಗೆ 30 ಅಡಿಯೇ ಸರಿ. ಎಂಟು ವರ್ಷದವರೆಗೆ ಹಾಗೂ ಇಪ್ಪತ್ತೈದು ವರ್ಷದ ನಂತರ ಮರದ ನಡುವೆ ಸಾಕಷ್ಟು ಬಿಸಿಲು ನೆಲಕ್ಕಿಳಿಯುವುದರಿಂದ ಅಂತರಬೆಳೆ ತೆಗೆಯಬಹುದು. ನಾಲೆಯ ಸೀಮೆಯಲ್ಲಿ ಬಾಳೆ, ಕೋಕೋ, ಮೆಣಸು. ಒಣ ಸೀಮೆಯಲ್ಲಿ ಹುರುಳಿ, ಅಲಸಂದೆಯಂತಹ ದ್ವಿದಳ ಧಾನ್ಯ.

ಗೊಬ್ಬರದ ವಿಷಯದಲ್ಲಿ ಕಾಸರಗೋಡಿನ ಸಂಸ್ಥೆಯ ಶಿಫಾರಸು ಹೀಗಿದೆ: ಫಲ ಕೊಡುವ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ 1.1 ಕೆ.ಜಿ. ಯೂರಿಯಾ, 2 ಕೆ.ಜಿ. ಸೂಪರ್ ಫಾಸ್ಫೇಟ್, 2 ಕೆ.ಜಿ. ಮ್ಯುರಿಯೇಟ್ ಆಫ್ ಪೊಟ್ಯಾಷ್. ಮೂರನೆಯ ಒಂದು ಭಾಗವನ್ನು ಮುಂಗಾರಿನ ಆರಂಭದಲ್ಲಿ, ಉಳಿದದ್ದನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಬುಡದಿಂದ ಆರು ಅಡಿ ತ್ರಿಜ್ಯದ ಪಾತಿಯೊಳಗೆ ಕೊಡಬೇಕು. ಜತೆಗೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ. ಇಲ್ಲಿಯ ರೈತರು ಯೂರಿಯಾಕ್ಕೆ ಕೊಡುವ ಪ್ರಾಶಸ್ತ್ಯವನ್ನು ಪೊಟ್ಯಾಷ್‌ಗೆ ಕೊಡುವುದಿಲ್ಲ. ಗರಿ ಹಸಿರಾಗಿ ಕಾಣುತ್ತದೆ, ಆದರೆ ಹರಳು ಉದುರುತ್ತದೆ. ಕಾಯಿ ಕಟ್ಟಲು, ಬರವನ್ನು ತಾಳಿಕೊಳ್ಳಲು ಬೇಕಾದುದು ಪೊಟ್ಯಾಷ್.

ನೀರು ಹಾಯಿಸುವುದಾದರೆ ಪಾತಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್. ಹನಿ ನೀರಾವರಿಯಲ್ಲಿ ದಿನಕ್ಕೆ ಸುಮಾರು 30 ಲೀಟರ್ ಸಾಕಾಗುತ್ತದೆ. ಈ ಎರಡರ ನಡುವಿನ ಅಂತರವೇ ಬೇಸಿಗೆಯಲ್ಲಿ ಒಂದು ಕೊಳವೆ ಬಾವಿ ಎಷ್ಟು ಮರಗಳನ್ನು ಉಳಿಸಬಲ್ಲದು ಎಂಬುದನ್ನು ನಿರ್ಧರಿಸುತ್ತದೆ. ಪಾತಿಯ ಮೇಲೆ ಗರಿ, ಮಟ್ಟೆ, ನಾರಿನ ಪುಡಿಯ ಹೊದಿಕೆ ಹಾಕುವುದು ಖರ್ಚಿಲ್ಲದ ವಿಮೆ. ಹೂಳಿದ ಮಟ್ಟೆ ಐದಾರು ವರ್ಷ ಕೆಲಸ ಮಾಡುತ್ತದೆ. ಆದರೂ ತಮ್ಮ ತೋಟದ ಮಟ್ಟೆಯನ್ನು ಒಲೆಗೆ ಹಾಕಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಹಣ ಕೊಡುವವರೇ ಹೆಚ್ಚು.

ಕೀಟ ಮತ್ತು ರೋಗ

ತೆಂಗಿನ ಬೆಳೆಗಾರರ ನೆನಪಿನಲ್ಲಿ ಅಚ್ಚೊತ್ತಿರುವ ಹೆಸರು ನುಸಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಈ ಸೂಕ್ಷ್ಮ ಜೀವಿ ಬಹುಬೇಗ ಕರ್ನಾಟಕದ ತೋಟಗಳಿಗೂ ಹಬ್ಬಿತು. ಎಳೆ ಕಾಯಿಯ ತೊಟ್ಟಿನ ಕೆಳಗೆ ಅಡಗಿ ರಸ ಹೀರುವುದರಿಂದ ಕಾಯಿ ಸುಕ್ಕುಗಟ್ಟಿ, ಸಣ್ಣದಾಗಿ, ಮಟ್ಟೆ ಬಿರುಕು ಬಿಟ್ಟು ಸುಲಿಯುವುದೇ ಕಷ್ಟವಾಯಿತು. ಬೇವಿನ ಎಣ್ಣೆ, ಬೆಳ್ಳುಳ್ಳಿ, ಸೋಪಿನ ಮಿಶ್ರಣದ ಸಿಂಪರಣೆ ಹಾಗೂ ಬೇರಿನ ಮೂಲಕ ಬೇವಿನ ಔಷಧ ಉಣಿಸುವುದು ಶಿಫಾರಸಾದ ಕ್ರಮ. ಕಾಯಿಯ ಆದಾಯ ಕುಸಿದಾಗ ಹೊಂಬಾಳೆಯಿಂದ ನೀರಾ ಇಳಿಸಲು ಅನುಮತಿ ಕೋರಿ ರೈತರು ಬೀದಿಗಿಳಿದರು. 2001ರಲ್ಲಿ ಆ ಚಳವಳಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರಿನವರೆಗೂ ಹೋಯಿತು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಜೀವಿಯೊಂದು ರಾಜ್ಯದ ಅಬಕಾರಿ ನೀತಿಯನ್ನೇ ಪ್ರಶ್ನಿಸುವಂತೆ ಮಾಡಿತೆಂಬುದು ವಾಣಿಜ್ಯ ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕ ವಿಷಯ.

ಬಿಳಿನೊಣದ ಹೊಸ ಬಗೆಯೊಂದು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆಯಿಂದ ಆರಂಭಿಸಿ ದಕ್ಷಿಣದ ತೋಟಗಳಿಗೆ ಹಬ್ಬಿತು. ಗರಿಯ ಮೇಲೆ ಕಪ್ಪು ಮಸಿ ಕಟ್ಟುವುದು ಇದರ ಗುರುತು. ರಾಸಾಯನಿಕ ಸಿಂಪಡಿಸಿದರೆ ಅದನ್ನು ನಿಯಂತ್ರಿಸುವ ಪರೋಪಜೀವಿ ಕೀಟವೇ ಮೊದಲು ಸಾಯುತ್ತದೆ. ಆದ್ದರಿಂದ ಇಲ್ಲಿ ಆತುರ ಸಲ್ಲದು. ಕಪ್ಪುತಲೆ ಹುಳುವಿಗೂ ಪರೋಪಜೀವಿಗಳ ಬಿಡುಗಡೆಯೇ ಮದ್ದು, ಆದರೆ ಒಬ್ಬರ ತೋಟದಲ್ಲಿ ಮಾತ್ರ ಬಿಟ್ಟರೆ ಪ್ರಯೋಜನವಿಲ್ಲ, ಊರೇ ಒಟ್ಟಾಗಬೇಕು. ಒಣ ಸೀಮೆಯ ದೊಡ್ಡ ಶತ್ರು ಅಣಬೆ ರೋಗ. ಬುಡದಿಂದ ಕಂದು ದ್ರವ ಸೋರಿ, ಗರಿಗಳು ಜೋತುಬಿದ್ದು ಮರ ಸಾಯುತ್ತದೆ. ರೋಗ ತಗುಲಿದ ಮರದ ಸುತ್ತ ಕಂದಕ ತೆಗೆದು ಪ್ರತ್ಯೇಕಿಸುವುದು, ವರ್ಷಕ್ಕೆ 5 ಕೆ.ಜಿ. ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮ ಕೊಡುವುದು ತಡೆಯ ಮಾರ್ಗ. ಕುರುವಾಯಿ ದುಂಬಿ, ಕೆಂಪು ಮೂತಿ ಹುಳು, ಸುಳಿ ಕೊಳೆ ಇವುಗಳು ಎಲ್ಲರಿಗೂ ಪರಿಚಿತವೇ.

ಉಪಯೋಗ ಮತ್ತು ವ್ಯಾಪಾರ

ಕಲ್ಪವೃಕ್ಷವೆಂಬ ಹೊಗಳಿಕೆಯನ್ನು ಮತ್ತೆ ಮತ್ತೆ ಹೇಳುವ ಬದಲು ಯಾವ ಭಾಗಕ್ಕೆ ಯಾರು ಹಣ ಕೊಡುತ್ತಾರೆ ಎಂದು ಕೇಳುವುದು ವರ್ತಕರಿಗೆ ಹೆಚ್ಚು ಉಪಯುಕ್ತ. ಗರಿಯ ಕಡ್ಡಿಯಿಂದ ಪೊರಕೆ, ಗರಿಯಿಂದ ಚಪ್ಪರ, ಚಿಪ್ಪಿನಿಂದ ಇದ್ದಿಲು ಹಾಗೂ ಅದರಿಂದ ಸಕ್ರಿಯ ಇಂಗಾಲ, ಮಟ್ಟೆಯಿಂದ ನಾರು, ನಾರಿನ ಶೇಷದಿಂದ ಪುಡಿ. ಒಂದು ಕಿಲೋ ನಾರು ತೆಗೆದಾಗ ಸುಮಾರು ಎರಡು ಕಿಲೋ ಪುಡಿ ಉಳಿಯುತ್ತದೆ. ಹಿಂದೆ ರಸ್ತೆಬದಿಯಲ್ಲಿ ರಾಶಿ ಬಿದ್ದಿರುತ್ತಿದ್ದ ಈ ಪುಡಿ ಈಗ ಮಣ್ಣಿಲ್ಲದ ಬೇಸಾಯಕ್ಕಾಗಿ ಇಟ್ಟಿಗೆಯ ರೂಪದಲ್ಲಿ ವಿದೇಶಗಳಿಗೆ ಹೋಗುತ್ತಿದೆ.

ಆದರೆ ಬೆಳೆಗಾರನ ಮುಖ್ಯ ಆದಾಯ ಎರಡೇ ದಾರಿಯಲ್ಲಿ ಬರುತ್ತದೆ: ಎಳನೀರು ಇಲ್ಲವೇ ಕೊಬ್ಬರಿ. ಎಳನೀರಿಗೆ ಮದ್ದೂರಿನ ಮಾರುಕಟ್ಟೆ. ಬೆಂಗಳೂರು-ಮೈಸೂರು ಹೆದ್ದಾರಿಯ ಈ ಮಾರುಕಟ್ಟೆಯಿಂದ ಲಾರಿಗಳು ಮುಂಬಯಿ, ದೆಹಲಿ, ಹೈದರಾಬಾದ್ ಮುಂತಾದ ಕಡೆಗಳಿಗೆ ಹೊರಡುತ್ತವೆ. ಕೊಬ್ಬರಿಗೆ ತಿಪಟೂರು, ಅರಸೀಕೆರೆಯ ದಾರಿ. ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಹಳೆಯ ಮನೆಗಳಲ್ಲಿ ಇಂದಿಗೂ ಅಟ್ಟ ಕಾಣಸಿಗುತ್ತದೆ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ.

ಯಾವುದು ಲಾಭ? ಬೆಳೆಗಾರರು ಅಂದಂದಿನ ಬೆಲೆ ನೋಡಿ ಉತ್ತರಿಸುತ್ತಾರೆ. ಆದರೆ ಎಳನೀರಿನ ಹಣ ಇಂದು ಕೈಗೆ ಬರುತ್ತದೆ, ಅದೇ ಕಾಯಿ ಕೊಬ್ಬರಿಯಾಗಿ ಹಣ ತರಲು ಮರದಲ್ಲಿ ಐದು ತಿಂಗಳು, ಅಟ್ಟದಲ್ಲಿ ಸುಮಾರು ಹತ್ತು ತಿಂಗಳು, ಒಟ್ಟು 15 ತಿಂಗಳು ಕಾಯಬೇಕು. ಈ ಕಾಲಕ್ಕೆ ಬೆಲೆ ಕಟ್ಟದೆ ಮಾಡಿದ ಹೋಲಿಕೆ ಅಪೂರ್ಣ. ತಿಳಿವಳಿಕೆಗಾಗಿ ಕೆಲವು ಊಹೆಗಳನ್ನು ಇಟ್ಟುಕೊಳ್ಳೋಣ. ಬಡ್ಡಿ ವರ್ಷಕ್ಕೆ ಶೇ. 12, ಅಂದರೆ 15 ತಿಂಗಳಿಗೆ ಶೇ. 15. ಒಂದು ಕಿಲೋ ಉಂಡೆ ಕೊಬ್ಬರಿಗೆ 7 ಕಾಯಿ. ಅಟ್ಟದಲ್ಲಿ ಕೆಡುವುದು ಶೇ. 5 ಎಂದರೆ ವಾಸ್ತವದಲ್ಲಿ 7.37 ಕಾಯಿ. ಕೆಡವುವುದು, ಸಾಗಿಸುವುದು, ಸುಲಿಯುವುದು, ಚಿಪ್ಪು ಒಡೆಯುವುದು ಸೇರಿ ಕಾಯಿಗೆ 3.50 ರೂ. ಖರ್ಚು, ಮಟ್ಟೆ ಮತ್ತು ಚಿಪ್ಪಿನಿಂದ 1 ರೂ. ವಾಪಸು; ನಿವ್ವಳ ಖರ್ಚು 2.50 ರೂ. ಎಳನೀರನ್ನು ವ್ಯಾಪಾರಿಯೇ ಮರದಿಂದ ಇಳಿಸಿಕೊಳ್ಳುತ್ತಾನೆ, ರೈತನಿಗೆ ಖರ್ಚಿಲ್ಲ.

ತೋಟದಲ್ಲಿ ಎಳನೀರಿಗೆ 12 ರೂ. ಸಿಗುವುದಾದರೆ, ಬಡ್ಡಿ ಸೇರಿ 13.80 ರೂ., ಖರ್ಚು ಸೇರಿ 16.30 ರೂ. ಇದನ್ನು 7.37ರಿಂದ ಗುಣಿಸಿದರೆ ಕಿಲೋಗೆ 120 ರೂ. ಅಂದರೆ ಕ್ವಿಂಟಾಲಿಗೆ ಸುಮಾರು 12,000 ರೂ.ಗೆ ಕೊಬ್ಬರಿ ಮಾರಿದರೆ ಮಾತ್ರ ಎರಡೂ ಸಮ. ಎಳನೀರಿಗೆ 18 ರೂ. ಸಿಕ್ಕರೆ ಸಮಬಿಂದು ಸುಮಾರು 17,100 ರೂ.; 25 ರೂ. ಸಿಕ್ಕರೆ ಸುಮಾರು 23,000 ರೂ. ಬೆಳೆಗಾರರು ತಮ್ಮ ತೋಟದ ಕಾಯಿಯ ಗಾತ್ರ, ತಾವು ತೆರುವ ಬಡ್ಡಿ, ಕೂಲಿಗಳನ್ನು ಹಾಕಿಕೊಂಡು ಈ ಲೆಕ್ಕವನ್ನು ತಿದ್ದಿಕೊಳ್ಳಬಹುದು. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೊಡುವ ಸಣ್ಣ ರೈತನಿಗೆ ಸಮಬಿಂದು ಇನ್ನೂ ಮೇಲೇರುತ್ತದೆ. ಅಟ್ಟ ತುಂಬಿಸಿಕೊಂಡು ಕಾಯುವ ಶಕ್ತಿ ಇರುವುದು ಸಾಲವಿಲ್ಲದವನಿಗೆ ಮಾತ್ರ.

ಈಗ ನಿಜವಾದ ಬೆಲೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ 2014ರ ಹಂಗಾಮಿಗೆ ಕ್ವಿಂಟಾಲಿಗೆ 5,500 ರೂ., 2023ಕ್ಕೆ 11,750 ರೂ., 2025ಕ್ಕೆ 12,100 ರೂ. ಮೇಲಿನ ಊಹೆಗಳ ಪ್ರಕಾರ 2025ರ ಬೆಂಬಲ ಬೆಲೆಯು ಎಳನೀರಿನ 12 ರೂಪಾಯಿಗೆ ಸಮಾನ, ಅಷ್ಟೆ. 2023ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಗಿಂತಲೂ ಬಹಳ ಕೆಳಗಿಳಿದಾಗ ಕೊಬ್ಬರಿ ಹಿಡಿದಿಟ್ಟವರು ಕೈಸುಟ್ಟುಕೊಂಡು ಎಳನೀರಿನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ವರ್ಷ ರಾಜ್ಯದಲ್ಲಿ ಬರ. ಕಾಯಿ ಕಡಿಮೆ, ಇದ್ದ ಕಾಯಿಯೂ ಎಳನೀರಾಗಿ ಹೋಯಿತು. ಎಣ್ಣೆ ಗಾಣಗಳಿಗೆ ಕೊಬ್ಬರಿ ಸಿಗದಂತಾಯಿತು. 2025ರ ಮಧ್ಯಭಾಗದಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 25,000 ರೂ. ದಾಟಿದ್ದಕ್ಕೆ ಇವು ಮುಖ್ಯ ಕಾರಣಗಳು. ಆಗ ಲಾಭ ಪಡೆದವರು, ಹಿಂದಿನ ವರ್ಷ ಎಲ್ಲರೂ ಎಳನೀರು ಇಳಿಸುತ್ತಿದ್ದಾಗ ಅರ್ಧ ತೋಟವನ್ನಾದರೂ ಕಾಯಿಗೆ ಬಿಟ್ಟುಕೊಂಡವರು. ಎಲ್ಲರೂ ಒಂದೇ ದಿಕ್ಕಿಗೆ ಓಡಿದಾಗ ಬೆಲೆ ಇನ್ನೊಂದು ದಿಕ್ಕಿಗೆ ಓಡುವುದು ಈ ವ್ಯಾಪಾರದ ಸ್ವಭಾವ, ಮತ್ತು ಅದು ತಿಳಿಯುವುದು ಹದಿನೈದು ತಿಂಗಳು ತಡವಾಗಿ.

ಮರವೆಂಬ ಆಸ್ತಿ

ಕಂಪನಿಗಳಿಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡಗಳು 2016ರಿಂದ ತೆಂಗಿನಂತಹ ಬಹುವಾರ್ಷಿಕ ಫಲವೃಕ್ಷಗಳನ್ನು ಯಂತ್ರ, ಕಟ್ಟಡಗಳಂತೆಯೇ ಸ್ಥಿರಾಸ್ತಿಯೆಂದು ಪರಿಗಣಿಸುತ್ತವೆ. ಅವುಗಳ ಮೇಲೆ ಸವಕಳಿ ಲೆಕ್ಕ ಹಾಕಬೇಕು. ನಾಗಮಂಗಲದ ರೈತ ಇಂತಹ ಪುಸ್ತಕ ಬರೆಯಬೇಕಾಗಿಲ್ಲ. ಆದರೆ ತತ್ವ ಅವನಿಗೂ ಸಲ್ಲುತ್ತದೆ. 2015ರಿಂದ 2017ರವರೆಗಿನ ಬರಗಾಲದಲ್ಲಿ ಕೊಳವೆ ಬಾವಿಗಳು ಬತ್ತಿ ಈ ಭಾಗದಲ್ಲಿ ಮರಗಳು ಸುಳಿಸಹಿತ ಒಣಗಿ ನಿಂತಾಗ ನಷ್ಟವಾದದ್ದು ಒಂದು ವರ್ಷದ ಬೆಳೆಯಲ್ಲ, ಆಸ್ತಿಯೇ.

ಒಂದು ಮರದ ನಷ್ಟ ಎಷ್ಟು? ಮರಕ್ಕೆ ವರ್ಷಕ್ಕೆ 60 ಕಾಯಿ, ಬೇಸಾಯದ ಖರ್ಚು ಕಳೆದು ಕಾಯಿಗೆ 8 ರೂ. ಎಂದು ಮಿತವಾಗಿಯೇ ಹಿಡಿದರೆ ವರ್ಷಕ್ಕೆ 480 ರೂ. ಹೊಸ ಸಸಿ ಫಲ ಕೊಡಲು ಏಳು ವರ್ಷ. ಏಳು ವರ್ಷಗಳ ಆದಾಯವನ್ನು ಶೇ. 12ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ ಸುಮಾರು 2,190 ರೂ. ಗುಂಡಿ, ಸಸಿ, ಏಳು ವರ್ಷಗಳ ಆರೈಕೆಯ ಖರ್ಚು ಇದಕ್ಕೆ ಸೇರಿಲ್ಲ; ಎಳೆಯ ಮರ ಮೊದಲ ವರ್ಷವೇ 60 ಕಾಯಿ ಕೊಡುವುದೂ ಇಲ್ಲ. 2009ರಲ್ಲಿ ಆರಂಭವಾದ ತೆಂಗಿನ ಮರ ವಿಮಾ ಯೋಜನೆಯಲ್ಲಿ 4ರಿಂದ 15 ವರ್ಷದ ಮರಕ್ಕೆ 900 ರೂ., 16ರಿಂದ 60 ವರ್ಷದ ಮರಕ್ಕೆ 1,750 ರೂ. ವಿಮಾ ಮೊತ್ತ ನಿಗದಿಯಾಗಿತ್ತು; ಕಂತು ಕ್ರಮವಾಗಿ 9 ಮತ್ತು 14 ರೂ., ಅದರಲ್ಲಿಯೂ ರೈತನ ಪಾಲು ಕಾಲುಭಾಗ ಮಾತ್ರ. ವಿಮಾ ಮೊತ್ತ ನಷ್ಟವನ್ನು ಪೂರ್ತಿ ತುಂಬುವಂತಿರಲಿಲ್ಲವಾದರೂ ಮೂರೂವರೆ ರೂಪಾಯಿಗೆ 1,750 ರೂ. ರಕ್ಷಣೆಯನ್ನು ಬೇಡವೆನ್ನಲು ಲೆಕ್ಕದ ದೃಷ್ಟಿಯಿಂದ ಯಾವ ಕಾರಣವೂ ಕಾಣದು. ಬೆಳೆಗಾರರ ಸಂಘಗಳು ಕೇಳಬೇಕಾದುದು ಕಂತಿನ ಇಳಿಕೆಯನ್ನಲ್ಲ, ವಿಮಾ ಮೊತ್ತದ ಏರಿಕೆಯನ್ನು.

ತೆರಿಗೆಯ ಕೆಲವು ಅಂಶಗಳು

ತನ್ನ ತೋಟದ ಎಳನೀರು, ಕಾಯಿಯ ಮಾರಾಟದಿಂದ ರೈತನಿಗೆ ಬರುವ ವರಮಾನ ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಬರುವಂತೆ ರೂಪಿಸಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ವಿನಾಯಿತಿಯನ್ನು ಉಳಿಸಿಕೊಳ್ಳಲಾಗಿದೆ. ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಮಾರಾಟವನ್ನೂ 2008ರ ಹಣಕಾಸು ಕಾಯ್ದೆ ಕೃಷಿ ಆದಾಯವೆಂದು ಸ್ಪಷ್ಟಪಡಿಸಿತು. ಆದರೆ ಮರದ ಮೇಲಿರುವ ಫಸಲನ್ನು ಗುತ್ತಿಗೆಗೆ ಕೊಂಡು ಮಾರುವ ವ್ಯಾಪಾರಿ ಬೇಸಾಯ ಮಾಡಿದವನಲ್ಲ. ಅವನ ಲಾಭ ವ್ಯಾಪಾರದ ಲಾಭ. ತೋಟದ ಫಸಲೆಂಬ ಒಂದೇ ಕಾರಣಕ್ಕೆ ತಮಗೂ ವಿನಾಯಿತಿ ಇದೆಯೆಂದು ಭಾವಿಸಿರುವ ಗುತ್ತಿಗೆದಾರರು ಈ ಭಾಗದಲ್ಲಿ ಕಡಿಮೆಯಿಲ್ಲ. ಎಣ್ಣೆ ಗಾಣ, ನಾರಿನ ಘಟಕಗಳ ಲಾಭವೂ ಹಾಗೆಯೇ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ತಾಜಾ ಕಾಯಿಗೆ ತೆರಿಗೆಯಿಲ್ಲ, ಕೊಬ್ಬರಿಗೆ ಶೇ. 5. ಪೊಟ್ಟಣದಲ್ಲಿ ತುಂಬಿ ಮಾರುವ ಎಳನೀರಿಗೆ ಇದ್ದ ಶೇ. 12 ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಸಣ್ಣ ಪೊಟ್ಟಣಗಳಲ್ಲಿ ಮಾರುವ ತೆಂಗಿನ ಎಣ್ಣೆ ಖಾದ್ಯ ತೈಲವೋ ತಲೆಗೂದಲ ಎಣ್ಣೆಯೋ ಎಂಬ ಬಹುಕಾಲದ ವಿವಾದವನ್ನು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಇತ್ಯರ್ಥಪಡಿಸಿ, ಪೊಟ್ಟಣ ಸಣ್ಣದೆಂಬ ಕಾರಣಕ್ಕೆ ಅದು ತಲೆಗೂದಲ ಎಣ್ಣೆಯಾಗದೆಂದು ಹೇಳಿದೆ. ಸ್ಥಳೀಯ ಗಾಣಗಳವರು ತಮ್ಮ ಪೊಟ್ಟಣದ ಮೇಲಿನ ಬರಹವನ್ನು ಇದಕ್ಕನುಗುಣವಾಗಿ ನೋಡಿಕೊಳ್ಳುವುದು ಒಳಿತು.

ನೌಕರಿ ಅಥವಾ ವ್ಯಾಪಾರದ ಆದಾಯವೂ ಇರುವ ತೋಟದ ಮಾಲೀಕರು ಕೃಷಿ ಆದಾಯ 5,000 ರೂ. ಮೀರಿದರೆ ದರ ನಿರ್ಧಾರಕ್ಕಾಗಿ ಅದನ್ನೂ ತೋರಿಸಬೇಕಾಗುತ್ತದೆ. 1961ರ ಕಾಯ್ದೆಯ ರಿಟರ್ನ್ ನಮೂನೆಗಳಲ್ಲಿ ಕೃಷಿ ಆದಾಯ 5 ಲಕ್ಷ ರೂ. ದಾಟಿದಾಗ ಜಮೀನಿನ ವಿಸ್ತೀರ್ಣ, ಜಿಲ್ಲೆ, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರಗಳನ್ನೂ ಕೇಳಲಾಗಿತ್ತು. ಎಳನೀರಿನ ವ್ಯವಹಾರ ಬಹುಮಟ್ಟಿಗೆ ನಗದಿನಲ್ಲಿ, ಚೀಟಿಯಿಲ್ಲದೆ ನಡೆಯುತ್ತದೆ. ವ್ಯಾಪಾರಿಯಿಂದ ದಿನಾಂಕ, ಕಾಯಿಯ ಸಂಖ್ಯೆ, ದರ ಬರೆದ ಚೀಟಿಯೊಂದನ್ನು ಪಡೆದು, ಪಹಣಿಯ ಪ್ರತಿಯೊಡನೆ ಇಟ್ಟುಕೊಂಡರೆ ಬ್ಯಾಂಕಿಗೆ ಕಟ್ಟಿದ ಹಣದ ಮೂಲವನ್ನು ಕೇಳಿದಾಗ ಉತ್ತರಿಸುವುದು ಕಷ್ಟವಾಗದು. ಪಹಣಿಯ ಬೆಳೆ ಕಲಮಿನಲ್ಲಿ ತೆಂಗು ನಮೂದಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಮರಗಳು ಮೂವತ್ತು ವರ್ಷದವಾಗಿದ್ದರೂ ಪಹಣಿಯಲ್ಲಿ ಇನ್ನೂ ರಾಗಿಯೇ ಬೆಳೆಯುತ್ತಿರುವ ಜಮೀನುಗಳುಂಟು.